ಸೋತರೆ ಒಂದು ರೂಪಾಯಿ

ಮೂವತ್ತಾರನೇ ವಯಸ್ಸಿಗೆ ನಾನು ಹಡೋಕೆನ್ ಹೊಡೆಯೋದು ಕಲಿತೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಸ್ಟ್ರೀಟ್ ಫೈಟರ್ ಅನ್ನೋ ವಿಡಿಯೋ ಗೇಮಿನಲ್ಲಿ ರ್ಯು ಅಂತ ಬಿಳಿ ಬಟ್ಟೆಯ ಕರಾಟೆಯವನೊಬ್ಬ ಇರ್ತಾನೆ. ಅವನು ಎರಡೂ ಅಂಗೈ ಜೋಡಿಸಿ ಮುಂದಕ್ಕೆ ತಳ್ಳಿದರೆ ಬೆಂಕಿಯ ಉಂಡೆಯೊಂದು ಹೊರಟು ಎದುರಿನವನ ಎದೆಗೆ ಬಡಿಯುತ್ತೆ. ಅದೇ ಹಡೋಕೆನ್. ಅದು ಬರಬೇಕೆಂದರೆ ಹ್ಯಾಂಡಲನ್ನು ಕೆಳಗೆ ಒತ್ತಿ, ಅಲ್ಲಿಂದ ಬಿಡದೆ ಓರೆಯಾಗಿ ಮುಂದಕ್ಕೆ ಉರುಳಿಸಿ, ಪೂರ್ತಿ ಮುಂದೆ ಬಂದ ಕೂಡಲೇ ಗುದ್ದುವ ಗುಂಡಿ ಒತ್ತಬೇಕು. ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿ ಆರರಿಂದ ಮೂರಕ್ಕೆ ಬಂದ ಹಾಗೆ. ಇಷ್ಟೇ. ಇಷ್ಟಕ್ಕೆ ನನಗೆ ಮೂರು ವಾರ ಹಿಡಿಯಿತು. ದಿನಾ ರಾತ್ರಿ ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಆರರಿಂದ ಮೂರು, ಆರರಿಂದ ಮೂರು. ಹತ್ತಕ್ಕೆ ಎಂಟು ಸಲ ಬರತೊಡಗಿದಾಗ ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನೋಡಿ, "ಇದಕ್ಕಾ ಇಷ್ಟು ದಿನ?" ಅಂದಳು.

ಅವಳ ಪ್ರಶ್ನೆ ಸರಿಯಾಗೇ ಇತ್ತು. ಯಾಕೆಂದರೆ ನಾನು ಈ ಆಟದ ಮುಂದೆ ಮೊದಲು ನಿಂತಿದ್ದು ಹತ್ತು ಹನ್ನೊಂದರ ವಯಸ್ಸಿನಲ್ಲಿ. ಇಪ್ಪತ್ತೈದು ವರ್ಷ ಕಣ್ಣೆದುರಿಗಿದ್ದ ಒಂದು ಆಟವನ್ನು ನಾನು ಕಲಿಯಲೇ ಇಲ್ಲ. ದಡ್ಡ ಅದಕ್ಕೇ ಅಂತ ಬಹಳ ದಿನ ನಂಬಿದ್ದೆ. ಈಗ ಈ ಆಟಗಳ ಇತಿಹಾಸ ಓದುತ್ತಾ ಕೂತಾಗ ಬೇರೆ ಲೆಕ್ಕ ಕಾಣ್ತಾ ಇದೆ.

ನಮ್ಮೂರು ವನದುರ್ಗ, ಶಹಾಪುರ ತಾಲ್ಲೂಕು. ನಾನು ಶಾಲೆಗೆ ಹೋಗುವಾಗ ಗುಲಬರ್ಗಾ ಜಿಲ್ಲೆ; 2009ರ ಡಿಸೆಂಬರ್ 30ರಿಂದ ಯಾದಗಿರಿ ಜಿಲ್ಲೆ. ಊರಲ್ಲಿ ಸುರಪುರ ನಾಯಕರ ಕಾಲದ ಕೋಟೆ ಇದೆ. ಹೊರಗಿನವರು ಬಂದರೆ ಫೋಟೋ ತೆಗೀತಾರೆ, ನಮಗೆ ಅದು ಚಿಕ್ಕಂದಿನ ಆಟದ ಬಯಲು. ಕೋಟೆಯ ಗೋಡೆ ಮೇಲೆ ಕೂತು ಸಿನಿಮಾದ ಫೈಟಿಂಗ್ ಆಡುತ್ತಿದ್ದ ನಾವು ಒಂದು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗೋದನ್ನೇ ಬಿಟ್ಟೆವು. ಊರಿನ ಒಂದು ಮನೆಗೆ ಹೈದರಾಬಾದಿನಿಂದ ಟೀವಿ ಗೇಮ್ ಬಂದಿತ್ತು.

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಫ್ಯಾಮಿಕಾಮ್ ಅನ್ನೋ ಯಂತ್ರ ಮಾಡಿತ್ತು. ನಮ್ಮಲ್ಲಿಗೆ ಬಂದದ್ದು ಅದರ ನಕಲು. ತೈವಾನ್, ಚೀನಾ ಕಡೆ ತಯಾರಾಗಿ ನಾನಾ ಹೆಸರಿನಲ್ಲಿ ನಮ್ಮ ಪೇಟೆಗಳಿಗೆ ಹರಿದು ಬಂದ ಸಾವಿರಾರು ನಕಲುಗಳಲ್ಲಿ ಒಂದು. ಕ್ಯಾಸೆಟ್ ಮೇಲೆ ಲಕ್ಷಾಂತರ ಆಟ ಇವೆ ಅಂತ ಅಂಕಿ ಬರೆದಿರುತ್ತಿತ್ತು, ಒಳಗೆ ಇರ್ತಿದ್ದದ್ದು ಹತ್ತಿಪ್ಪತ್ತು. ಅವುಗಳಲ್ಲಿ ಒಂದು ಯೀ ಆರ್ ಕುಂಗ್ ಫೂ. ಕೊನಾಮಿ ಕಂಪನಿಯದು, 1985ರದು. ನಾವು ಅದನ್ನು ಆಡುವಾಗ ಅದಕ್ಕೆ ಹದಿನಾಲ್ಕು ಹದಿನೈದು ವರ್ಷ ವಯಸ್ಸಾಗಿತ್ತು, ಹೆಚ್ಚುಕಡಿಮೆ ನಮಗಿಂತ ದೊಡ್ಡದು. ಹೊಸದು ಅಂತಲೇ ಆಡಿದ್ವಿ.

ಒಬ್ಬರ ಎದುರು ಒಬ್ಬರು ನಿಂತು ಬಡಿದಾಡುವ ಆಟ ಅದಕ್ಕೂ ಹಿಂದೆ ಇತ್ತು. 1976ರಲ್ಲಿ ಸೇಗಾ ಕಂಪನಿಯ ಹೆವಿವೇಟ್ ಚಾಂಪ್ ಅನ್ನೋ ಬಾಕ್ಸಿಂಗ್ ಬಂತು. 1984ರಲ್ಲಿ ಕರಾಟೆ ಚಾಂಪ್ ಬಂತು, ಅದರಲ್ಲಿ ಗುಂಡಿಗಳೇ ಇಲ್ಲ, ಒಬ್ಬೊಬ್ಬರಿಗೆ ಎರಡೆರಡು ಹ್ಯಾಂಡಲ್. ಆದರೆ ಹೊಸಬನಿಗೆ ಪಾಠ ಹೇಳೋದರಲ್ಲಿ ಯೀ ಆರ್ ಕುಂಗ್ ಫೂವನ್ನು ಮೀರಿಸಿದ್ದು ನಾನಂತೂ ನೋಡಿಲ್ಲ. ಟೀವಿ ಗೇಮಿನ ಆವೃತ್ತಿಯಲ್ಲಿ ಎದುರಾಳಿಗಳು ಐದೇ ಜನ. ಮೊದಲನೆಯವನ ಕೈಯಲ್ಲಿ ಉದ್ದನೆಯ ಕೋಲು. ನೀವು ಬರಿಗೈ. ಓಡಿ ಹೋದರೆ ಕೋಲಿನ ತುದಿ ಬೀಳುತ್ತೆ, ದೂರ ನಿಂತರೆ ನಿಮ್ಮ ಕೈ ತಲುಪೋದಿಲ್ಲ. ಅವನು ಕೋಲು ಬೀಸಿ ವಾಪಸ್ ಎಳೆದುಕೊಳ್ಳುವ ಸಣ್ಣ ಹೊತ್ತಿನಲ್ಲಿ ಒಳಗೆ ನುಗ್ಗಿ ಹೊಡೆದು ಹೊರಗೆ ಬರಬೇಕು. ಹೊಡೆದಾಟದ ಆಟಗಳಲ್ಲಿ ಇವತ್ತಿಗೂ ಇರೋದು ಇಷ್ಟೇ ವಿದ್ಯೆ: ಅಂತರ, ಮತ್ತು ಎದುರಿನವನ ಏಟು ಖಾಲಿ ಹೋಗುವ ಗಳಿಗೆ. ಅಲ್ಲಿ ಸೋತರೆ ಯಾರೂ ದುಡ್ಡು ಕೇಳ್ತಿರಲಿಲ್ಲ. ಕರೆಂಟ್ ಇದ್ದಷ್ಟು ಹೊತ್ತು ಆಟ. ಆ ಬೇಸಿಗೆಯಲ್ಲಿ ಕೋಲಿನವನನ್ನು ಸೋಲಿಸೋದು ನಾನು ಕಲಿತೆ. ನೆನಪಿಟ್ಟುಕೊಳ್ಳಿ, ದಡ್ಡ ಆಗಿರಲಿಲ್ಲ.

ಶಹಾಪುರಕ್ಕೆ ಹೋದಾಗ ಆಟ ಬದಲಾಯಿತು.

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಓಣಿಯಲ್ಲಿ ತಗಡಿನ ಶೆಡ್. ಬಾಗಿಲಿಗೆ ದಪ್ಪ ಪರದೆ. ಒಳಗೆ ಮೂರು ಪೆಟ್ಟಿಗೆ. ಒಂದರಲ್ಲಿ ನಾವೆಲ್ಲ 'ಮುಸ್ತಾಫಾ' ಅಂತಿದ್ದ ಆಟ. ಅದರ ಅಸಲಿ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, 1993ರದು, ಹಳದಿ ಟೋಪಿಯ ಮುಸ್ತಾಫಾ ಅದರ ನಾಲ್ವರು ನಾಯಕರಲ್ಲಿ ಒಬ್ಬ. ಭಾರತದುದ್ದಕ್ಕೂ ಹುಡುಗರು ಆ ಆಟಕ್ಕೆ ಅವನ ಹೆಸರನ್ನೇ ಇಟ್ಟರು. ಅದು ಇಬ್ಬರು ಮೂವರು ಸೇರಿ ಕಳ್ಳರನ್ನು ಹೊಡೆಯುವ ಆಟ, ಜಗಳಕ್ಕೆ ಜಾಗ ಕಮ್ಮಿ. ಉಳಿದೆರಡರಲ್ಲಿ ಸ್ಟ್ರೀಟ್ ಫೈಟರ್ 2 ಮತ್ತು ಕಿಂಗ್ ಆಫ್ ಫೈಟರ್ಸ್ 97. ಜನ ಮುತ್ತಿಕೊಂಡಿರುತ್ತಿದ್ದದ್ದು ಇವಕ್ಕೇ. ಒಂದು ಆಟಕ್ಕೆ ಒಂದು ರೂಪಾಯಿ. ಗೆದ್ದವ ನಿಂತಿರ್ತಾನೆ, ಸೋತವ ಜಾಗ ಬಿಡಬೇಕು. ಮತ್ತೆ ಬರಬೇಕೆಂದರೆ ಮತ್ತೆ ಒಂದು ರೂಪಾಯಿ, ಮತ್ತೆ ಸಾಲು.

ಈ ಕಾನೂನು ನಮ್ಮ ಶೆಡ್ಡಿನ ಮಾಲೀಕನದಲ್ಲ, ಆಟದ ಹೊಟ್ಟೆಯಲ್ಲೇ ಇದ್ದದ್ದು. ಒಸಾಕಾದ ಕ್ಯಾಪ್ಕಾಮ್ ಕಂಪನಿ 1987ರಲ್ಲಿ ಮೊದಲ ಸ್ಟ್ರೀಟ್ ಫೈಟರ್ ಮಾಡಿತು. ಅದನ್ನು ರೂಪಿಸಿದವರು ತಕಾಶಿ ನಿಶಿಯಾಮಾ ಮತ್ತು ಹಿರೋಶಿ ಮಾತ್ಸುಮೊಟೊ. ಮೊದಲು ಅದಕ್ಕೆ ದೊಡ್ಡ ರಬ್ಬರ್ ದಿಂಬುಗಳಿದ್ದವು. ಎಷ್ಟು ಜೋರಾಗಿ ಗುದ್ದಿದರೆ ಅಷ್ಟು ಜೋರು ಏಟು. ಆಡುವವರ ಕೈಗೂ ನೋವು, ಯಂತ್ರಕ್ಕೂ ಪೆಟ್ಟು. ಆಮೇಲೆ ಆರು ಗುಂಡಿ ಬಂದವು, ಮೂರು ಗುದ್ದಿಗೆ, ಮೂರು ಒದೆಗೆ. ಹಡೋಕೆನ್ ಕೂಡ ಆ ಮೊದಲ ಆಟದಲ್ಲೇ ಇತ್ತು, ಗುಟ್ಟಾಗಿ. ಅದು ಹೇಗೆ ಬರುತ್ತೆ ಅಂತ ಆಡುವವನೇ ಕಂಡುಕೊಳ್ಳಬೇಕಿತ್ತು. ಹೊಸಬನಿಗೆ ಮುಚ್ಚಿಟ್ಟ ವಿದ್ಯೆ ಅಂದಿನಿಂದಲೇ ಶುರು.

1991ರಲ್ಲಿ ಬಂದ ಸ್ಟ್ರೀಟ್ ಫೈಟರ್ 2 ಎಲ್ಲವನ್ನೂ ಬದಲಿಸಿತು. ಆರಿಸಿಕೊಳ್ಳಲು ಎಂಟು ಜನ, ಒಬ್ಬೊಬ್ಬರ ಕೈಕಾಲು ಒಂದೊಂದು ಥರ. ಮನೆಯಲ್ಲಿ ಆಡುವ ಸೂಪರ್ ನಿಂಟೆಂಡೊ ಆವೃತ್ತಿ 1992ರಲ್ಲಿ ಬಂದು 63 ಲಕ್ಷ ಪ್ರತಿ ಹೋಯಿತು. ಆದರೆ ಅಂಗಡಿಗಳಲ್ಲಿ ಅದು ದುಡ್ಡು ಮಾಡಿದ್ದರ ಗುಟ್ಟು ಸರಳ. ಅದಕ್ಕೆ ಮುಂಚಿನ ಆಟಗಳಲ್ಲಿ ಚೆನ್ನಾಗಿ ಆಡುವವನು ಅಂಗಡಿಗೆ ನಷ್ಟ. ಒಂದು ನಾಣ್ಯ ಹಾಕಿ ಅರ್ಧ ಗಂಟೆ ಪೆಟ್ಟಿಗೆ ಹಿಡಿದುಕೊಂಡಿರುತ್ತಾನೆ. ಇಬ್ಬರು ಎದುರುಬದುರು ನಿಂತರೆ ಮೂರ್ನಾಲ್ಕು ನಿಮಿಷದೊಳಗೆ ಒಬ್ಬ ಸೋಲಲೇಬೇಕು, ಹೊಸ ನಾಣ್ಯ ಬೀಳಲೇಬೇಕು. ಜಪಾನಿನಲ್ಲಿ ಅದು ನೂರು ಯೆನ್, ಅಮೆರಿಕದಲ್ಲಿ ಇಪ್ಪತ್ತೈದು ಸೆಂಟು, ಶಹಾಪುರದಲ್ಲಿ ಒಂದು ರೂಪಾಯಿ. ಚೆನ್ನಾಗಿ ಆಡುವವನು ಈಗ ಅಂಗಡಿಯವನ ಆಸ್ತಿ. ಉಳಿದವರ ಜೇಬಿನಿಂದ ಅವನೇ ದುಡ್ಡು ಎತ್ತಿಕೊಡುತ್ತಾನೆ.

ನನಗೆ ಶಹಾಪುರಕ್ಕೆ ಹೋದಾಗ ಸಿಗುತ್ತಿದ್ದದ್ದು ಬಸ್ ಚಾರ್ಜ್ ಬಿಟ್ಟು ಎರಡು ರೂಪಾಯಿ. ಅದೂ ಅಪ್ಪನಿಗೆ ಹತ್ತಿ ಬೀಜವೋ ಗೊಬ್ಬರವೋ ತರುವ ಕೆಲಸ ಇದ್ದರೆ. ಒಂದು ರೂಪಾಯಿ ಹಾಕಿ ನಿಂತರೆ ನಲವತ್ತು ಸೆಕೆಂಡಿನಲ್ಲಿ ನನ್ನ ಕಥೆ ಮುಗಿಯುತ್ತಿತ್ತು. ಎರಡನೆಯ ರೂಪಾಯಿಗೆ ಮಿರ್ಚಿ ಭಜಿ ತಿನ್ನೋದು ಜಾಣತನ ಅಂತ ಎರಡೇ ಸಲಕ್ಕೆ ಗೊತ್ತಾಯಿತು. ಆಮೇಲೆ ನಾನು ನೋಡುವವನಾದೆ. ನೋಡೋದು ಪುಕ್ಕಟೆ.

ನೋಡುವವರಿಗೂ ಒಂದು ಭಾಷೆ ಇತ್ತು. ಆಟಗಾರರ ಅಸಲಿ ಹೆಸರು ನಮಗೆ ಗೊತ್ತಿರಲಿಲ್ಲ. ಗೈಲ್ 'ಮಿಲಿಟ್ರಿ', ಬ್ಲಾಂಕಾ 'ಹಸಿರು ದೆವ್ವ'. ಕೊರಳಿಗೆ ಬುರುಡೆ ಹಾಕಿಕೊಂಡು, ಕೈಕಾಲು ರಬ್ಬರಿನ ಹಾಗೆ ಚಾಚಿ, ಬಾಯಿಂದ ಬೆಂಕಿ ಉಗುಳುವ ಧಾಲ್ಸಿಮ್ 'ಬಾವಾಜಿ'. ಅವನು ಭಾರತದವನು ಅಂತ ಆಟ ಹೇಳುತ್ತಿತ್ತು, ಅವನ ಹಿಂದೆ ಸಾಲಾಗಿ ಆನೆಗಳು ನಿಂತಿರುತ್ತಿದ್ದವು. ನಮ್ಮಲ್ಲಿ ಯಾರೂ ಅವನನ್ನು ನಮ್ಮವ ಅಂತ ಒಪ್ಪಿಕೊಳ್ಳಲಿಲ್ಲ. ನಿಧಾನ ಅಂತ ಯಾರೂ ಆರಿಸುತ್ತಲೂ ಇರಲಿಲ್ಲ. ಕೆಂಪು ಕೂದಲು ಮುಖಕ್ಕೆ ಬಿಟ್ಟುಕೊಂಡ ಇಯೋರಿ ಮೇಲೆ ಮಾತ್ರ ಎಲ್ಲರಿಗೂ ಪ್ರೀತಿ. ಅವನು ಕಿಂಗ್ ಆಫ್ ಫೈಟರ್ಸ್‌ನವ. ಆ ಆಟದಲ್ಲಿ ಮೂವರ ತಂಡ ಕಟ್ಟಿ ಆಡಬೇಕು, ನಾಲ್ಕೇ ಗುಂಡಿ. ಅದನ್ನು ಮಾಡಿದ್ದು ಎಸ್‌ಎನ್‌ಕೆ ಕಂಪನಿ. ಮೊದಲ ಸ್ಟ್ರೀಟ್ ಫೈಟರ್ ಮಾಡಿದ ನಿಶಿಯಾಮಾ ಅವರೇ ಕ್ಯಾಪ್ಕಾಮ್ ಬಿಟ್ಟು ಎಸ್‌ಎನ್‌ಕೆ ಸೇರಿ, 1991ರಲ್ಲಿ ಫೇಟಲ್ ಫ್ಯೂರಿ ಮಾಡಿ, ಈ ವಂಶಕ್ಕೆ ಬುನಾದಿ ಹಾಕಿದವರು. ಹೊರಗೆ ನೋಡಿದರೆ ಎದುರಾಳಿ ಕಂಪನಿಗಳು. ಒಳಗೆ ನಮ್ಮ ಶೆಡ್ಡಿನ ಆ ಎರಡೂ ಪೆಟ್ಟಿಗೆ ಒಂದೇ ಮನೆತನ. ಎಸ್‌ಎನ್‌ಕೆಯ ಯಂತ್ರಕ್ಕೆ ಇನ್ನೊಂದು ಅನುಕೂಲ ಇತ್ತು: ಪೆಟ್ಟಿಗೆ ಹಾಗೇ ಇಟ್ಟು ಒಳಗಿನ ಕಾರ್ಟ್ರಿಜ್ ಅಷ್ಟೇ ಬದಲಿಸಿದರೆ ಹೊಸ ಆಟ. ಸಣ್ಣ ಊರಿನ ಅಂಗಡಿಯವನಿಗೆ ಇನ್ನೇನು ಬೇಕು.

ಅಸಲಿ ಯಂತ್ರಗಳ ಮೇಲೆ ಗುಂಡಿಗಳ ಪಕ್ಕ ಒಂದು ಚೀಟಿ ಅಂಟಿಸಿರುತ್ತಿದ್ದರು, ಯಾವ ಏಟು ಹೇಗೆ ಅಂತ ಒಂದಿಷ್ಟು ವಿವರ ಇರುತ್ತಿತ್ತು. ನಮ್ಮ ಶೆಡ್ಡಿನ ಪೆಟ್ಟಿಗೆಗಳು ಎಷ್ಟು ಊರು, ಎಷ್ಟು ಕೈ ದಾಟಿ ಬಂದಿದ್ದವೋ, ಮೇಲೆ ಪ್ಲೈವುಡ್ಡು ಮತ್ತು ಸಿನಿಮಾ ನಟಿಯರ ಸ್ಟಿಕ್ಕರ್ ಬಿಟ್ಟರೆ ಏನೂ ಇರಲಿಲ್ಲ. ಹಾಗಾಗಿ ವಿದ್ಯೆ ಬಾಯಿಂದ ಬಾಯಿಗೆ, ಅದೂ ಗೊತ್ತಿದ್ದವನಿಗೆ ಮನಸ್ಸಾದರೆ. ಎಷ್ಟೋ ಹುಡುಗರು ಹ್ಯಾಂಡಲ್ ತಿರುಗಿಸುವ ಕೈಯನ್ನು ಇನ್ನೊಂದು ಕೈಯಿಂದ, ಕರ್ಚೀಫಿನಿಂದ ಮುಚ್ಚಿಕೊಂಡು ಆಡ್ತಿದ್ದರು. ಪರೀಕ್ಷೆಯಲ್ಲಿ ಪೇಪರ್ ಮುಚ್ಚಿಕೊಂಡು ಬರೀತಾರಲ್ಲ, ಹಾಗೆ.

ಆ ಶೆಡ್ಡಿನ ರಾಜ ನಮ್ಮ ದೊಡ್ಡಪ್ಪನ ಮಗ. ನನಗಿಂತ ನಾಲ್ಕು ವರ್ಷ ದೊಡ್ಡವ. ಶಹಾಪುರದಲ್ಲಿ ಹಾಸ್ಟೆಲಿನಲ್ಲಿ ಇದ್ದು ಹೈಸ್ಕೂಲ್ ಓದುತ್ತಿದ್ದ. ಓದುತ್ತಿದ್ದ ಅಂತ ಮನೆಯವರು ತಿಳಿದಿದ್ದರು. ಇಯೋರಿಯನ್ನು ಹಿಡಿದು ಅವನು ನಿಂತರೆ ಸಂಜೆವರೆಗೆ ಯಾರೂ ಅವನನ್ನು ಅಲ್ಲಿಂದ ಕದಲಿಸ್ತಿರಲಿಲ್ಲ. ದೊಡ್ಡ ದೊಡ್ಡ ಕಾಲೇಜು ಹುಡುಗರು ಸೋತು ಹಲ್ಲು ಕಡೀತಿದ್ದರು. ನಾನು ಪಕ್ಕದಲ್ಲಿ ನಿಂತು ಬೀಗುತ್ತಿದ್ದೆ. ಒಂದು ಸಲ ಮಾತ್ರ ನನಗೆ ಅವನು ಪಾಠ ಹೇಳಿದ್ದು. ನಾನು ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಕುಟ್ಟುತ್ತಿದ್ದದ್ದನ್ನು ನೋಡಿ, "ಲೇ ತಮ್ಮಾ, ನಿನ್ನ ಕೈ ಭಾಳ ಮಾತಾಡ್ತದ. ಸುಮ್ಮ ನಿಂದ್ರು. ಅವ ಜಿಗೀಲಿ, ಆಮ್ಯಾಲ ಹೊಡಿ," ಅಂದ. ನಮ್ಮ ಕಡೆ ಗರಡಿಮನೆ ಉಸ್ತಾದರು ದಾವು ಹೇಳಿಕೊಡುವ ಧಾಟಿ ಅದು. ಸುಮ್ಮನೆ ನಿಂತೆ. ಅವನು ಜಿಗಿದ. ನಾನು ಹೊಡೆಯೋದು ತಡವಾಯಿತು. ಒಂದು ರೂಪಾಯಿ ಹೋಯಿತು.

ಅವನಿಗೆ ಹುಟ್ಟಿನಿಂದ ಬಂದ ಕೈ ಅಂತ ನಾನು ನಂಬಿದ್ದೆ. ಬಹಳ ವರ್ಷ ಆದ ಮೇಲೆ ಒಂದು ಮದುವೆಯ ಊಟದ ಹೊತ್ತಿಗೆ ಅವನೇ ಹೇಳಿದ: ಬೆಳಿಗ್ಗೆ ಶೆಡ್ ತೆಗೆದು ಕಸ ಗುಡಿಸಿ, ಮಾಲೀಕನಿಗೆ ಚಹಾ ತಂದುಕೊಟ್ಟರೆ, ಗಿರಾಕಿ ಬರುವ ತನಕ ಪೆಟ್ಟಿಗೆ ತೆರೆದು ಪುಕ್ಕಟೆ ಆಡಲು ಬಿಡುತ್ತಿದ್ದನಂತೆ. ದಿನಾ ಒಂದೂವರೆ ಗಂಟೆ, ಎರಡು ವರ್ಷ. ನಾನು ಕೂತಲ್ಲೇ ಲೆಕ್ಕ ಹಾಕಿದೆ. ಅವನು ಸಾವಿರಾರು ಸಲ ಸೋತಿದ್ದ, ಒಂದು ರೂಪಾಯಿಯನ್ನೂ ಕೊಡದೆ. ನಾನು ನನ್ನ ಇಡೀ ಬಾಲ್ಯದಲ್ಲಿ ಸೋತಿದ್ದು ಬಹುಶಃ ಮೂವತ್ತು ಸಲ. ಮೂವತ್ತು ಸಲ ಸೋತು ಯಾರು ಏನು ಕಲೀತಾರೆ?

ಇತಿಹಾಸ ಅಂತ ಹೊರಟವನಿಗೆ ಈ ಒಂದು ಲೆಕ್ಕ ಸಿಕ್ಕ ಮೇಲೆ ಉಳಿದದ್ದೆಲ್ಲ ಅದರ ಸುತ್ತಲೇ ಕಾಣತೊಡಗಿತು. ಕಾಂಬೋ ಅನ್ನೋ ಮಾತು ಕೇಳಿರಬಹುದು, ಒಂದು ಏಟು ತಾಗಿದ ಮೇಲೆ ತಡೆಯಲು ಬಿಡುವು ಕೊಡದೆ ಸರಣಿಯಾಗಿ ಬೀಳುವ ಏಟುಗಳು. ಈ ಆಟಗಳ ಜೀವಾಳವೇ ಅದು. ಅದು ಹುಟ್ಟಿದ್ದು ಆಕಸ್ಮಿಕವಾಗಿ. ಸ್ಟ್ರೀಟ್ ಫೈಟರ್ 2ರಲ್ಲಿ ನಡುವೆ ಕಾರು ಒಡೆಯುವ ಒಂದು ಆಟ ಬರುತ್ತೆ. ಅದನ್ನು ಪರೀಕ್ಷಿಸುವಾಗ ಕ್ಯಾಪ್ಕಾಮ್‌ನ ನೊರಿತಾಕಾ ಫುನಾಮಿಜು ಒಂದು ಗುದ್ದಿನ ಬೆನ್ನಿಗೇ ಇನ್ನೊಂದು ಸೇರಿಸಬಹುದು ಅನ್ನೋದನ್ನು ಗಮನಿಸಿದರು. ಬಗ್ ಅದು. ಅಷ್ಟು ಸೂಕ್ಷ್ಮ ಹೊತ್ತು ಯಾರಿಗೂ ಹಿಡಿಯಲಿಕ್ಕಿಲ್ಲ ಅಂತ ಹಾಗೇ ಬಿಟ್ಟರು. ನಾನು ದಿನಾ ಬಗ್ ತೆಗೆಯುವ ಕೆಲಸದವನು. ಇದನ್ನು ಓದಿದಾಗ ನಮ್ಮ ಮ್ಯಾನೇಜರ್ ಆ ತಂಡದಲ್ಲಿ ಇಲ್ಲದೆ ಹೋದದ್ದು ಪ್ರಪಂಚದ ಪುಣ್ಯ ಅನಿಸಿತು. ಯಾರಿಗೂ ಹಿಡಿಯಲಿಕ್ಕಿಲ್ಲ ಅಂದುಕೊಂಡಿದ್ದು ಹಿಡಿದದ್ದು ಯಾರಿಗೆ? ಮತ್ತೆ ಮತ್ತೆ ಸೋಲುವಷ್ಟು ನಾಣ್ಯ ಇದ್ದವರಿಗೆ.

ಇನ್ನೊಂದು ಸಂಗತಿ ನನ್ನನ್ನು ಜೋರಾಗಿ ನಗಿಸಿತು. ನಾನು ಸಂಬಳದ ದುಡ್ಡಿನಲ್ಲಿ ಸ್ಟ್ರೀಟ್ ಫೈಟರ್ ಮೂವತ್ತನೇ ವರ್ಷದ ಸಂಗ್ರಹ ಕೊಂಡುಕೊಂಡೆ. 2018ರಲ್ಲಿ ಬಂದದ್ದು, ಹನ್ನೆರಡು ಹಳೆಯ ಆಟಗಳು ಒಟ್ಟಿಗೆ. ಆಡ್ತೀನಿ, ರ್ಯು ಗಾಳಿಯಲ್ಲಿ ಹಾರಿದಾಗ ಬೆಂಕಿ ಉಂಡೆ ಬರ್ತಾ ಇಲ್ಲ. ಶಹಾಪುರದಲ್ಲಿ ಬರುತ್ತಿತ್ತು! ಅಲ್ಲಿ ಹಾರುತ್ತಲೇ ಉಂಡೆ ಬಿಡುತ್ತಿದ್ದರು, ಉಂಡೆ ಹಾವಿನ ಹಾಗೆ ಹರಿದಾಡುತ್ತಿತ್ತು, ಸ್ಟಾರ್ಟ್ ಗುಂಡಿ ಒತ್ತಿದರೆ ಆಟದ ನಡುವೆಯೇ ರ್ಯು ಹೋಗಿ ಮಿಲಿಟ್ರಿ ಆಗಿಬಿಡುತ್ತಿದ್ದ. ಹುಡುಕಿದಾಗ ತಿಳಿಯಿತು: ನಾವು ಆಡಿದ್ದು ಅಸಲಿಯೇ ಅಲ್ಲ. 1992ರ ಹೊತ್ತಿಗೆ ಯಾರೋ ಅಸಲಿ ಚಿಪ್ಪುಗಳನ್ನು ತಿದ್ದಿ ಹಂಚಿದ ಕಳ್ಳ ಆವೃತ್ತಿಗಳು ಏಷ್ಯಾ, ದಕ್ಷಿಣ ಅಮೆರಿಕದ ಊರೂರಿಗೆ ಹೋದವು. ರೇನ್‌ಬೋ ಎಡಿಷನ್ ಅಂತ ಒಂದಕ್ಕೆ ಹೆಸರು. ನಮ್ಮ ಪೆಟ್ಟಿಗೆಯ ಲಕ್ಷಣವೆಲ್ಲ ಅದರದೇ. ಈ ಕಳ್ಳ ಆಟಗಳ ವೇಗ ಕಂಡು ಕ್ಯಾಪ್ಕಾಮ್ ಕೂಡ ಅದೇ ವರ್ಷದ ಕೊನೆಗೆ ಹೈಪರ್ ಫೈಟಿಂಗ್ ಅನ್ನೋ ವೇಗದ ಆವೃತ್ತಿ ತಂದಿತು, ಕೆಲವರಿಗೆ ಗಾಳಿಯಲ್ಲಿ ಮಾಡುವ ಏಟುಗಳನ್ನೂ ಕೊಟ್ಟಿತು. ನಕಲು ನೋಡಿ ಅಸಲು ಕಲಿತದ್ದು! ಆದರೆ ನನ್ನ ಪಾಲಿಗೆ, ನೋಡಿ ನೋಡಿ ತಲೆಯಲ್ಲಿ ಇಟ್ಟುಕೊಂಡಿದ್ದ ಅರ್ಧ ವಿದ್ಯೆಯೂ ಖೋಟಾ ಆಯಿತು.

ನಡುವೆ ಎಂಜಿನಿಯರಿಂಗ್ ಕಾಲ. ಹಾಸ್ಟೆಲಿನಲ್ಲಿ ಒಬ್ಬ ಗೆಳೆಯನ ಕಂಪ್ಯೂಟರಿನಲ್ಲಿ ಟೆಕ್ಕನ್ 3. ಅಂಗಡಿಗಳಿಗೆ 1997ರಲ್ಲಿ, ಪ್ಲೇಸ್ಟೇಷನ್‌ಗೆ 1998ರಲ್ಲಿ ಬಂದ ನಾಮ್ಕೋ ಕಂಪನಿಯ ಆಟ. ನಮ್ಮಲ್ಲಿ ಅದು ಎಮ್ಯುಲೇಟರ್ ಮೇಲೆ ಓಡುತ್ತಿತ್ತು. ಒಂದೇ ಕೀಬೋರ್ಡು, ಇಬ್ಬರು, ಇಪ್ಪತ್ತು ಬೆರಳು. ಇಲ್ಲಿ ಸೋಲಿಗೆ ದುಡ್ಡಿರಲಿಲ್ಲ. ಆದರೂ ಕಲಿಯಲಿಲ್ಲ, ಯಾಕೆ? ಎಲ್ಲರೂ ಬ್ರೆಜಿಲ್ಲಿನ ಎಡ್ಡಿಯನ್ನು ಆರಿಸಿ ಒದೆಯುವ ಗುಂಡಿಗಳನ್ನು ಕುಟ್ಟುತ್ತಿದ್ದೆವು. ಅವನು ನೆಲದ ಮೇಲೆ ಕೈಯೂರಿ ಗಿರಗಿರ ತಿರುಗುತ್ತಿದ್ದ. ಕಲಿಯದೇ ಗೆಲ್ಲಬಹುದಿತ್ತು. ಆ ಆಟದಲ್ಲಿ ಪ್ರಾಕ್ಟೀಸ್ ಅಂತ ಒಂದು ಆಯ್ಕೆ ಇತ್ತು, ಎದುರಿನವ ಸುಮ್ಮನೆ ನಿಂತಿರ್ತಾನೆ, ಎಷ್ಟು ಬೇಕಾದರೂ ಹೊಡೆದು ನೋಡಬಹುದು. ನಾಲ್ಕು ವರ್ಷದಲ್ಲಿ ಒಮ್ಮೆಯೂ ಅದನ್ನು ನಾವು ತೆರೆಯಲಿಲ್ಲ. ಹಿಂದೆ ಹತ್ತು ಜನ ನಿಂತಿರುವಾಗ ನನಗೆ ಬರಲ್ಲ ಅಂತ ಒಪ್ಪಿಕೊಳ್ಳೋದು ಒಂದು ರೂಪಾಯಿಗಿಂತ ದುಬಾರಿ.

ಈಗ ನೋಡುವವರು ಯಾರೂ ಇಲ್ಲ, ಹೆಂಡತಿಯೊಬ್ಬಳು ಬಿಟ್ಟರೆ. ಹಾಗಾಗಿ ಮೊದಲಿನಿಂದ ಶುರು ಮಾಡಿದೆ. ಈ ಆಟಗಳು ಸೆಕೆಂಡಿಗೆ ಸುಮಾರು ಅರವತ್ತು ಚಿತ್ರ ತೋರಿಸ್ತವೆ. ಒಂದೊಂದು ಚಿತ್ರ ಒಂದು ಫ್ರೇಮ್, ಅಂದರೆ ಸುಮಾರು ಹದಿನೇಳು ಮಿಲಿಸೆಕೆಂಡ್. ಪ್ರತಿ ಏಟಿಗೂ ಮೂರು ಭಾಗ: ಕೈ ಹೊರಡುವ ಫ್ರೇಮುಗಳು, ತಾಗುವ ಫ್ರೇಮುಗಳು, ಕೈ ವಾಪಸ್ ಬರುವ ಫ್ರೇಮುಗಳು. ಈ ಮೂರನೆಯ ಭಾಗ ಇದೆಯಲ್ಲ, ಅದೇ ಯೀ ಆರ್ ಕುಂಗ್ ಫೂವಿನ ಕೋಲಿನವನು ಕೋಲು ಎಳೆದುಕೊಳ್ಳುವ ಹೊತ್ತು. ಅವನು ಜಿಗಿದರೆ? ಗಾಳಿಯಲ್ಲಿರುವವನು ತಡೆದುಕೊಳ್ಳಲಾರ, ದಾರಿ ಬದಲಿಸಲಾರ. "ಅವ ಜಿಗೀಲಿ, ಆಮ್ಯಾಲ ಹೊಡಿ." ಅಣ್ಣ ಒಂದು ವಾಕ್ಯದಲ್ಲಿ ಹೇಳಿದ್ದನ್ನು ನಾನು ಕೋಷ್ಟಕ ಹಾಕಿ ಅರ್ಥ ಮಾಡಿಕೊಂಡೆ. ಮೊದಲ ತಿಂಗಳು ನಾನು ಮಾಡಿದ್ದು ಮೂರೇ ಕೆಲಸ: ಹಿಂದಕ್ಕೆ ಒತ್ತಿ ತಡೆಯೋದು, ಜಿಗಿದವನನ್ನು ಹೊಡೆಯೋದು, ಉಳಿದ ಹೊತ್ತು ಕೈ ಸುಮ್ಮನಿಡೋದು. ಮೂರನೆಯದೇ ಕಷ್ಟ.

ಹಿಂದೆ ಸರಿಯೋದೂ ಒಂದು ಏಟು ಅಂತ ಗೊತ್ತಾಗಲು ಇನ್ನೊಂದು ತಿಂಗಳು. ಇದರಲ್ಲಿ ನಮ್ಮ ಸುರಪುರದವರಿಗೆ ಹಳೆಯ ಅನುಭವ ಇದೆ ಅನ್ನಬಹುದು. 1705ರಲ್ಲಿ ಎಂಬತ್ತಾರರ ಮುದುಕ ಔರಂಗಜೇಬ ತಾನೇ ಬಂದು ವಾಗಿನಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಫೆಬ್ರವರಿಯಿಂದ ಏಪ್ರಿಲ್ ತನಕ ಕಾದಾಡಿ, ಕೊನೆಗೆ ನಾಯಕರ ಕಡೆಯವರು ರಾತ್ರೋರಾತ್ರಿ ಜಾರಿಕೊಂಡರು. ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ. ಎರಡು ವರ್ಷಕ್ಕೆ ಅವನು ತೀರಿಕೊಂಡ. ಸುರಪುರದ ನಾಯಕರು ಅದಾದ ಮೇಲೆ ಒಂದೂವರೆ ಶತಮಾನ ಇದ್ದರು. ಇತಿಹಾಸದ ಮೇಷ್ಟ್ರು ಈ ಹೋಲಿಕೆ ಒಪ್ಪಲಿಕ್ಕಿಲ್ಲ, ಬಿಡಿ.

ಒಬ್ಬನೇ ಕಲಿತದ್ದು ಸಾಲದು ಅಂತ ಇಂಟರ್ನೆಟ್ಟಿನಲ್ಲಿ ಆಡಲು ಹೋದೆ. ಇಲ್ಲಿ ನನ್ನ ಕಸುಬಿಗೆ ಹತ್ತಿರದ ಒಂದು ಕಥೆ ಇದೆ. ದೂರದ ಇಬ್ಬರು ಆಡುವಾಗ ಒಬ್ಬ ಒತ್ತಿದ ಗುಂಡಿ ಇನ್ನೊಬ್ಬನಿಗೆ ತಲುಪಲು ಐವತ್ತು ಮಿಲಿಸೆಕೆಂಡ್ ಹಿಡಿದರೂ ಮೂರು ಫ್ರೇಮ್ ಹೋಯಿತು. ಹಳೆಯ ಪದ್ಧತಿಯಲ್ಲಿ ಆ ಸುದ್ದಿ ಬರುವ ತನಕ ಆಟವೇ ಕಾಯುತ್ತಿತ್ತು. ಕೆಸರಿನಲ್ಲಿ ನಡೆದ ಹಾಗೆ. 2006ರಲ್ಲಿ ಹೈಪರ್ ಫೈಟಿಂಗ್ ಎಕ್ಸ್‌ಬಾಕ್ಸ್‌ಗೆ ಆನ್‌ಲೈನ್ ಆಗಿ ಬಂದಾಗ ಹೀಗೇ ಆಯಿತು. ಅದರಿಂದ ಬೇಸತ್ತ ಟೋನಿ ಕ್ಯಾನನ್ ಅನ್ನೋ ಆಟಗಾರ, ಅಮೆರಿಕದ ಇವೊ ಪಂದ್ಯಾವಳಿ ಕಟ್ಟಿದವರಲ್ಲಿ ಒಬ್ಬ, ಜಿಜಿಪಿಒ ಅನ್ನೋ ಕೋಡ್ ಬರೆದ. ಅದು ಕಾಯೋದಿಲ್ಲ, ಊಹೆ ಮಾಡುತ್ತೆ. ಎದುರಿನವನು ಹೋದ ಫ್ರೇಮಿನಲ್ಲಿ ಏನು ಒತ್ತಿದ್ದನೋ ಈಗಲೂ ಅದನ್ನೇ ಒತ್ತಿದ್ದಾನೆ ಅಂತ ಹಿಡಿದು ಮುಂದೆ ನಡೀತದೆ. ಸುದ್ದಿ ಬಂದಾಗ ಊಹೆ ತಪ್ಪಿದ್ದರೆ, ಉಳಿಸಿಟ್ಟ ಹಳೆಯ ಸ್ಥಿತಿಗೆ ಹೋಗಿ, ನಡುವಿನ ಫ್ರೇಮುಗಳನ್ನು ಸರಿಯಾಗಿ ಮತ್ತೆ ಲೆಕ್ಕ ಹಾಕಿ, ಕಣ್ಣು ಮಿಟುಕಿಸುವುದರೊಳಗೆ ಈಗಿನ ಹೊತ್ತಿಗೆ ಬಂದುಬಿಡುತ್ತೆ. ಇದಕ್ಕೆ ರೋಲ್‌ಬ್ಯಾಕ್ ಅಂತಾರೆ. ಮನುಷ್ಯ ಬಹಳ ಹೊತ್ತು ಒಂದೇ ಗುಂಡಿ ಹಿಡಿದಿರ್ತಾನೆ ಅನ್ನೋ ಸಾದಾ ತಿಳಿವಳಿಕೆಯ ಮೇಲೆ ನಿಂತ ವಿದ್ಯೆ. 2019ರಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟ. ಹಳೆಯ ಆಟಗಳನ್ನು ಇವತ್ತು ಜಗತ್ತಿನ ಯಾವ ಮೂಲೆಯಿಂದಲೂ ಆಡಬಹುದಾದದ್ದು ಇದರಿಂದ. ನಾನು ಮೊದಲ ವಾರ ತೊಂಬತ್ತು ಆಟ ಸೋತೆ. ಬಾಲ್ಯದ ಲೆಕ್ಕದಲ್ಲಿ ತೊಂಬತ್ತು ರೂಪಾಯಿ, ಆಗಿನ ಕಾಲಕ್ಕೆ ನಮ್ಮವ್ವನ ಎಷ್ಟೋ ದಿನದ ಕಳೆ ಕೂಲಿ.

ಸೋಲಿನ ಬೆಲೆ ಇಳಿದ ಕಡೆ ಏನಾಗುತ್ತೆ ಅಂತ ನೋಡಬೇಕೆಂದರೆ ಲಾಹೋರ್ ಕಡೆ ನೋಡಬೇಕು. 2019ರ ಫೆಬ್ರವರಿಯಲ್ಲಿ ಜಪಾನಿನ ಫುಕುವೊಕಾದ ಟೆಕ್ಕನ್ 7 ಪಂದ್ಯಾವಳಿಗೆ ಆರ್ಸ್ಲಾನ್ ಆಶ್ ಅನ್ನೋ ಹುಡುಗ ವೀಸಾ, ವಿಮಾನದ ಪಾಡು ಪಟ್ಟು ಬಂದು ಗೆದ್ದ. ಯಾರಿವನು ಅಂತ ಎಲ್ಲರೂ ಕೇಳುವಷ್ಟರಲ್ಲಿ ಆಗಸ್ಟ್‌ನಲ್ಲಿ ಅಮೆರಿಕದ ಇವೊ ಕೂಡ ಗೆದ್ದ. ನಮ್ಮೂರಲ್ಲಿ ನನಗಿಂತ ಚೆನ್ನಾಗಿ ಆಡುವವರಿದ್ದಾರೆ ಅಂದ. ಕೊರಿಯಾದ ಹೆಸರಾಂತ ಆಟಗಾರ ನೀ ನಂಬದೆ ತಾನೇ ಪಾಕಿಸ್ತಾನಕ್ಕೆ ಹೋಗಿ ಆಡಿ ನೋಡಿ ಬಂದ, ಮಾತು ನಿಜವಾಗಿತ್ತು. ಅಲ್ಲಿನ ಗೇಮ್ ಅಂಗಡಿಗಳಲ್ಲಿ ಒಬ್ಬರಿಗೊಬ್ಬರು ಕಲಿಸಿಕೊಂಡು, ದಿನಕ್ಕೆ ಎಷ್ಟೋ ಗಂಟೆ ಆಡಿ ಬೆಳೆದ ಹುಡುಗರು ಅವರು. ನಮ್ಮ ಶೆಡ್ಡಿನಂಥದೇ ಶೆಡ್ಡುಗಳು. ನಮ್ಮದು ಮಾತ್ರ ಯಾವಾಗಲೋ ಮುಚ್ಚಿ ಮೊಬೈಲ್ ರಿಚಾರ್ಜ್ ಅಂಗಡಿ ಆಯಿತು.

ವಯಸ್ಸಿನ ಮಾತು ಬಂದಾಗ ನಾನು ಇನ್ನೊಂದು ಹೆಸರು ಹೇಳ್ತೀನಿ: ಕೊರಿಯಾದ ಕಿಮ್ ಗ್ವಾನ್‌ವೂ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದಾಗ ಅವರಿಗೆ ನಲವತ್ನಾಲ್ಕು. ಜಪಾನಿನ ದೈಗೊ ಉಮೆಹರಾ ಕಥೆ ಇನ್ನೂ ಬೇರೆ. 2004ರ ಇವೊದಲ್ಲಿ, ಒಂದೇ ಏಟಿಗೆ ಸಾಯುವ ಸ್ಥಿತಿಯಲ್ಲಿದ್ದು, ಜಸ್ಟಿನ್ ವಾಂಗ್‌ನ ಹದಿನೈದು ಒದೆಗಳನ್ನು ಒಂದೊಂದಾಗಿ ಎದುರಿಗೆ ನಿಂತು ತಳ್ಳಿ ಗೆದ್ದವರು. ಆಮೇಲೆ ಆಟ ಬಿಟ್ಟು ವೃದ್ಧರ ಆರೈಕೆ ಕೆಲಸಕ್ಕೆ ಸೇರಿಕೊಂಡರು. ಸ್ಟ್ರೀಟ್ ಫೈಟರ್ 4 ಬಂದ ಮೇಲೆ ವಾಪಸ್ ಬಂದರು. ವಾಪಸ್ ಬರಲು ಅವರಿಗೊಂದು ಜಾಗ ಇತ್ತು.

ನಮ್ಮಣ್ಣ ಎಸ್ಸೆಸ್ಸೆಲ್ಸಿ ಫೇಲಾದ. ಗೇಮಿನ ಶೆಡ್ಡೇ ಕಾರಣ ಅಂತ ದೊಡ್ಡಪ್ಪ ಬಾರುಕೋಲಿನಿಂದ ಬಾರಿಸಿದ. ನಮ್ಮ ಕಡೆಯ ಎಷ್ಟೋ ಜನರ ಹಾಗೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದ. ಮೊದಲು ಸೆಂಟ್ರಿಂಗ್, ಆಮೇಲೆ ಕಂಬಿ ಕಟ್ಟೋದು, ಈಗ ಹದಿನೈದು ಜನರ ಮೇಲೆ ಮೇಸ್ತ್ರಿ. ನಾನು ಬಿ.ಇ. ಮುಗಿಸಿ ಬಂದಾಗ ಮೊದಲ ಎರಡು ತಿಂಗಳು ಇದ್ದದ್ದು ಅವನ ಶೆಡ್ಡಿನಲ್ಲೇ. ಆಟದ ಮಾತು ನಾವು ಆಡುತ್ತಿರಲಿಲ್ಲ. ಏಟು ತಿಂದವನ ಮುಂದೆ ಅದನ್ನು ಎತ್ತೋದು ನನಗೆ ಸರಿ ಕಾಣುತ್ತಿರಲಿಲ್ಲ.

ಹೋದ ದೀಪಾವಳಿ ಆದ ಮೇಲಿನ ಭಾನುವಾರ ಮನೆಗೆ ಊಟಕ್ಕೆ ಬಂದಿದ್ದ. ಊಟ ಆದ ಮೇಲೆ ನಾನು ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಕಿಂಗ್ ಆಫ್ ಫೈಟರ್ಸ್ 97 ತೆರೆದೆ. ಆ ಸದ್ದು ಕೇಳಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದವನು ತಿರುಗಿದ.

"ಇದು ಇನ್ನಾ ಅದೇನಲೇ?"

"ಕುಂದ್ರಣ್ಣ," ಅಂದೆ.

ಕೈಗೆ ಕಂಟ್ರೋಲರ್ ಕೊಟ್ಟೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಹ್ಯಾಂಡಲ್ ಇಲ್ಲೇನು ಅಂದ. ನನ್ನ ಹತ್ತಿರ ಹ್ಯಾಂಡಲ್ ಇರುವ ಪೆಟ್ಟಿಗೆಯೂ ಇತ್ತು, ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು ತರಿಸಿದ್ದು, ಅದನ್ನು ಕೊಟ್ಟೆ. ಇಪ್ಪತ್ತು ವರ್ಷ ಕಂಬಿ ಬಗ್ಗಿಸಿದ ಬೆರಳುಗಳು. ಬಲಗೈ ತೋರುಬೆರಳು ಪೂರ್ತಿ ಮಡಚೋದಿಲ್ಲ. ಇಯೋರಿಯನ್ನು ಆರಿಸಿದ. ಮೊದಲ ಆಟದಲ್ಲಿ ಅವನ ಕೈಗೆ ಏನೂ ಬರಲಿಲ್ಲ. ಉಂಡೆ ಬಿಡಲು ಹೋದರೆ ಇಯೋರಿ ಕೂತುಕೊಳ್ಳುತ್ತಿದ್ದ, ಜಿಗಿಯುತ್ತಿದ್ದ. ನಾನು ಕಲಿತದ್ದನ್ನೆಲ್ಲ ಮಾಡಿದೆ, ತಡೆದೆ, ಜಿಗಿದಾಗ ಹೊಡೆದೆ. ಮೂವರನ್ನೂ ಕೆಡವಿದೆ. ಬದುಕಿನಲ್ಲಿ ಮೊದಲ ಸಲ ಅವನನ್ನು ಸೋಲಿಸಿದ್ದು.

ಅವನು ಹ್ಯಾಂಡಲ್ ಬಿಟ್ಟು ಸುಮ್ಮನೆ ಎದ್ದು ನಿಂತ. ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಯಾರಿಗೆ ಅಂತ ನನಗೆ ಒಂದು ಕ್ಷಣ ತಿಳಿಯಲಿಲ್ಲ.

"ಕುಂದ್ರೋ ಅಣ್ಣ, ಇದಕ ರೊಕ್ಕ ಬ್ಯಾಡ," ಅಂದೆ.

ಕೂತ. ಎರಡನೆಯ ಆಟದ ಮಧ್ಯದಲ್ಲಿ ಅವನ ಎಡಗೈ ತಾನೇ ನೆನಪು ಮಾಡಿಕೊಂಡ ಹಾಗೆ ತಿರುಗಿತು, ಇಯೋರಿಯ ನೇರಳೆ ಬೆಂಕಿ ನೆಲದ ಮೇಲೆ ಹರಿದು ಬಂತು. ಆಮೇಲೆ ಅವನು ಮಾತಾಡಲಿಲ್ಲ. ನನ್ನ ಮಗಳು ಬಂದು ನನ್ನ ಪಕ್ಕ ಕೂತವಳು, ನಾನು ಸೋಲತೊಡಗಿದ ಮೇಲೆ ಎದ್ದು ದೊಡ್ಡಪ್ಪನ ಪಕ್ಕ ಹೋಗಿ ಕೂತಳು. ಮುಚ್ಚಿಕೊಳ್ಳದೆ, ನಿಧಾನವಾಗಿ, ಕೈ ಹೇಗೆ ತಿರುಗಿಸಬೇಕು ಅಂತ ಅವಳಿಗೆ ತೋರಿಸಿದ.

ಅವತ್ತು ಇಪ್ಪತ್ಮೂರು ಆಟ ಆಡಿದೆವು. ಹದಿನೇಳು ಅವನೇ ಗೆದ್ದ.